ಅಡುಗೆಗೆ ಗ್ಯಾಸ್, ಸ್ನಾನಕ್ಕೆ ಸಿಪ್ಪೆ: ಪೆರ್ಲ ಕಡೆಯ ಒಂದು ಮನೆಯ ಹೊಗೆಯ ಲೆಕ್ಕ

ಈ ಮನೆಗೆ ಅಡುಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಗಿದೆ. ಹಾಗಾಗಿ ಅಜ್ಜಿಯ ಕೆಮ್ಮು ನೋಡಿದ ಡಾಕ್ಟ್ರು "ಮನೆಯಲ್ಲಿ ಕಟ್ಟಿಗೆ ಉರಿಸ್ತೀರಾ?" ಅಂತ ಕೇಳಿದಾಗ ಎಲ್ಲರೂ "ಇಲ್ಲ, ಗ್ಯಾಸ್" ಅಂದುಬಿಟ್ಟಿದ್ದರು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಅಡುಗೆಮನೆಯಲ್ಲಿ ನಿಜವಾಗಿಯೂ ಕಟ್ಟಿಗೆ ಇಲ್ಲ. ಹಿಂದುಗಡೆ ಬಚ್ಚಲಿನಲ್ಲಿ ಹಂಡೆಯ ಅಡಿಗೆ ದಿನಕ್ಕೆ ಎರಡು ಹೊತ್ತು ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ, ಮಡಲು, ಕೊತ್ತಳಿಗೆ ಎಲ್ಲ ಹೋಗ್ತಾ ಇತ್ತಲ್ಲ, ಅದು ಯಾರ ತಲೆಗೂ ಬರಲಿಲ್ಲ ಅಷ್ಟೇ.

ಮನೆಯವರ ಮಾತು ಬಿಡಿ, ಸರ್ಕಾರದ ಲೆಕ್ಕಕ್ಕೂ ಅದು ಸರಿಯಾಗಿ ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 58.6 ಶೇಕಡಾ ಮನೆಗಳಲ್ಲಿ ಅಡುಗೆಗೆ ಸ್ವಚ್ಛ ಇಂಧನ ಬಳಸುತ್ತಿದ್ದರು. ಗಮನಿಸಿ, ಅಡುಗೆಗೆ. ನಮ್ಮ ಕಾಸರಗೋಡಿನ ಅಡಿಕೆ ತೋಟದ ಮನೆಗಳನ್ನು ನೋಡಿದವರಿಗೆ ಗೊತ್ತು, ಅಡುಗೆ ಒಲೆ ಆರಿ ಹೋದ ಮೇಲೂ ಬಚ್ಚಲೊಲೆ ಆರಿಲ್ಲ. ತೋಟದಲ್ಲಿ ಬಿದ್ದದ್ದು ಪುಕ್ಕಟೆ, ಮಳೆಗಾಲದಲ್ಲಿ ಬಿಸಿನೀರು ಬೇಕೇ ಬೇಕು, ಸಿಪ್ಪೆಯನ್ನು ಬೇರೆ ಎಲ್ಲಿ ಹಾಕುವುದು? ನಮ್ಮಲ್ಲಿ ಮನೆ ಬೆಚ್ಚಗೆ ಮಾಡಲು ಬೆಂಕಿ ಬೇಡ, ಮೈ ಬೆಚ್ಚಗೆ ಮಾಡಲು ಬೇಕು.

ನಾನು ಮನೆ ಕಟ್ಟಿಸುವ, ರಿಪೇರಿ ಮಾಡಿಸುವ ಕೆಲಸದವನು. ಈ ಮನೆಗೆ ನನ್ನನ್ನು ಕರೆದದ್ದೂ ಹೊಗೆಗಲ್ಲ, ಪೈಂಟಿಗೆ. ತಾರಸಿಗೆ ಹೋಗುವ ಮೆಟ್ಟಿಲಿನ ಕೋಣೆಯ ಗೋಡೆ ಎಷ್ಟು ಸಲ ಬಿಳಿ ಹೊಡೆದರೂ ಮತ್ತೆ ಕಪ್ಪಾಗ್ತದೆ, ನೀರು ಸೋರುತ್ತಾ ಇದೆಯಾ ನೋಡಿ ಅಂತ ಮನೆಯ ಯಜಮಾನರು, ನಾನು ಭಾವ ಅಂತ ಕರೆಯುವವರು, ಫೋನ್ ಮಾಡಿದ್ದರು. ಹೋಗಿ ಬೆರಳಲ್ಲಿ ಉಜ್ಜಿದೆ. ಫಂಗಸ್ ಆದರೆ ಪುಡಿಯಾಗಿ ಬರ್ತದೆ, ಇದು ಎಣ್ಣೆಮಸಿಯ ಹಾಗೆ ಅಂಟಿತು. ಮೂಸಿದರೆ ಹೊಗೆ ವಾಸನೆ. ಮೇಲೆ ಮೂಲೆಯಲ್ಲಿ ಇಲ್ಲಣ, ಅಂದ್ರೆ ಹೊಗೆಮಸಿ, ನೂಲುನೂಲಾಗಿ ನೇತಾಡುತ್ತಿತ್ತು. ಅಡುಗೆಮನೆಯಿಂದ ಎಷ್ಟೋ ದೂರ ಇರುವ, ಟೈಲ್ಸ್ ಹಾಕಿದ ಹೊಸ ಮನೆಯ ಮೆಟ್ಟಿಲ ಮೇಲೆ ಇಲ್ಲಣ!

ಅಷ್ಟು ಹೊತ್ತಿಗೆ ಒಳಗಿನಿಂದ ಅಜ್ಜಿಯ ಕೆಮ್ಮು ಕೇಳಿತು. ಒಮ್ಮೆ ಶುರುವಾದರೆ ನಿಲ್ಲದ, ಕೊನೆಗೆ ಉಸಿರಿಗೆ ಸೀಟಿ ಬರುವ ಕೆಮ್ಮು. ಎಪ್ಪತ್ತು ದಾಟಿದವರು, ಬೀಡಿ ಮುಟ್ಟಿದವರಲ್ಲ, ಎಲೆಅಡಿಕೆ ಮಾತ್ರ. ಕುಟುಂಬ ಆರೋಗ್ಯ ಕೇಂದ್ರದ ಶ್ವಾಸ್ ಕ್ಲಿನಿಕ್‌ನಲ್ಲಿ ಊದುವ ಪರೀಕ್ಷೆ ಮಾಡಿ ಸಿಒಪಿಡಿ, ಅಂದ್ರೆ ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಅಂದಿದ್ದರು, ಇನ್ಹೇಲರ್ ಕೊಟ್ಟಿದ್ದರು. (ಕೇರಳ ಸರ್ಕಾರದ ಆ ಕ್ಲಿನಿಕ್‌ಗಳ ಬಗ್ಗೆ ನಮ್ಮವರಿಗೇ ಗೊತ್ತಿಲ್ಲ. ದಮ್ಮು ಇರುವವರನ್ನು ಸುಮ್ನೆ ಮಂಗಳೂರಿಗೆ ಕರೆದುಕೊಂಡು ಹೋಗುವ ಮೊದಲು ಒಮ್ಮೆ ಅಲ್ಲಿ ತೋರಿಸಿ.) ಇನ್ಹೇಲರ್ ತೆಗೆದುಕೊಂಡರೂ ಸಂಜೆ ಮತ್ತು ಬೆಳಗಿನ ಜಾವ ಜೋರು. ಮಧ್ಯಾಹ್ನ ಆರಾಮ. ಬೇಸಿಗೆಯಲ್ಲಿ ಮಗಳ ಮನೆಗೆ ಹೋದರೆ ಅಲ್ಲಿ ಆರಾಮ. ಇದನ್ನೆಲ್ಲ ಸೊಸೆಯೇ ಹೇಳಿದ್ದು, "ನಮ್ಮ ಮನೆ ನೀರು ಅತ್ತೆಗೆ ಆಗ್ಬರುದಿಲ್ಲ ಕಾಣ್ತದೆ" ಅಂತ.

ನೀರಲ್ಲ, ನೀರು ಕಾಯಿಸುವ ಬೆಂಕಿ. ಇನ್ನೊಂದು ಅವಸರವೂ ಇತ್ತು. ಮೊಮ್ಮಗಳು ಬಾಣಂತನಕ್ಕೆ ಬರುವವಳಿದ್ದಳು. ಬಾಣಂತನ ಅಂದ್ರೆ ಹಂಡೆ ದಿನವಿಡೀ ಆರುವುದಿಲ್ಲ, ಜೊತೆಗೆ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಅದಕ್ಕೆ ಸಾಂಬ್ರಾಣಿ. ಕೋಣೆ ಯಾವುದು? ಅಜ್ಜಿಯದ್ದರ ಪಕ್ಕದ್ದು, ಬಚ್ಚಲಿನ ಕಡೆಗೆ ಕಿಟಕಿ ಇರುವುದು.

ಮನೆಯ ರಚನೆ ಸ್ವಲ್ಪ ಹೇಳಬೇಕು, ಯಾಕೆಂದರೆ ಇಡೀ ಪ್ರಕರಣ ಇರುವುದೇ ಅದರಲ್ಲಿ. ಹಳೆ ಮನೆ ಹಂಚಿನದ್ದು. ಬಚ್ಚಲು ಅಂಗಳ ದಾಟಿ ಆಚೆ, ಅದಕ್ಕೂ ಹಂಚು. ಚಿಮಣಿ ಗಿಮಣಿ ಏನೂ ಇರಲಿಲ್ಲ, ಹೊಗೆ ಹಂಚಿನ ಸಂದಿಯಿಂದ ಅದರ ಪಾಡಿಗೆ ಹೋಗುತ್ತಿತ್ತು. ಒಲೆ ಹಚ್ಚುವವರ ಕಣ್ಣಿಗೆ, ಎದೆಗೆ ಅದು ಒಳ್ಳೆಯದಿತ್ತು ಅಂತ ಅಲ್ಲ. ಆದರೆ ಮಲಗುವ ಕೋಣೆಗೆ ಬರುತ್ತಿರಲಿಲ್ಲ. ಆಮೇಲೆ ಮನೆ ಬಿಚ್ಚಿ ತಾರಸಿ ಮನೆ ಕಟ್ಟಿದರು. ವಯಸ್ಸಾದವರು ಮಳೆಯಲ್ಲಿ ಅಂಗಳ ದಾಟುವುದು ಕಷ್ಟ ಅಂತ ಬಚ್ಚಲನ್ನು ಮನೆಗೇ ತಾಗಿಸಿದರು. ಒಳ್ಳೆಯ ಯೋಚನೆಯೇ. ಹಂಡೆ ಒಳಗೆ, ಒಲೆಯ ಬಾಯಿ ಹೊರಗೆ, ಶೀಟಿನ ಮಾಡಿನ ಅಡಿಗೆ. ಹೊಗೆಗೆ ಅಂತ ನಾಲ್ಕಿಂಚಿನ ಸಿಮೆಂಟ್ ಪೈಪು ಇಟ್ಟು, ಗೋಡೆಯೊಳಗೆ ಒಂದು ಬೆಂಡು ಕೊಟ್ಟು, ತಾರಸಿಯ ಮೇಲಕ್ಕೆ ಬಿಟ್ಟಿದ್ದರು. ಅಲ್ಲಿಗೂ ತೊಂದರೆ ಇರಲಿಲ್ಲ.

ಒಂದೆರಡು ಮಳೆಗಾಲ ಕಳೆದ ಮೇಲೆ ತಾರಸಿಯ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟ್ ಹಾಕಿಸಿದರು. ನಮ್ಮ ಕಡೆ ಈಗ ಎಲ್ಲ ಮನೆಯಲ್ಲೂ ಅದೇ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಬರೀ ತಾರಸಿ ನಿಲ್ಲುವುದಿಲ್ಲ, ಅಡಿಕೆ ಹರವಲಿಕ್ಕೂ ಜಾಗ ಬೇಕು. ಶೀಟ್ ಹಾಕಿದವರು ಹೊಗೆ ಪೈಪನ್ನು ಏನು ಮಾಡಿದರು? ಏನೂ ಮಾಡಲಿಲ್ಲ. ಶೀಟಿಗೆ ತೂತು ಮಾಡಿದರೆ ಸೋರ್ತದೆ ಅಂತ ಅದನ್ನು ಶೀಟಿನ ಅಡಿಯಲ್ಲೇ ಬಿಟ್ಟರು. ಈಗ ಪೈಪಿನ ಬಾಯಿ ತಾರಸಿಗೂ ಶೀಟಿಗೂ ಮಧ್ಯೆ. ಅಲ್ಲಿಂದ ಎದ್ದ ಹೊಗೆ ಶೀಟಿಗೆ ತಾಗುತ್ತದೆ, ಹರಡುತ್ತದೆ, ತಣಿಯುತ್ತದೆ, ತಣಿದದ್ದು ಕೆಳಗಿಳಿಯುತ್ತದೆ. ಮೂರು ಬದಿ ಅಡಿಕೆಗೆ ಮಳೆ ಹೊಡೆಯಬಾರದು ಅಂತ ಟರ್ಪಾಲು ಕಟ್ಟಿದ್ದಾರೆ. ಹೊಗೆಗೆ ಉಳಿದ ದಾರಿ ಒಂದೇ, ಸದಾ ತೆರೆದಿರುವ ಮೆಟ್ಟಿಲ ಬಾಗಿಲು. ಬೆಳಗಿನ ಜಾವ ಹೊರಗಿನ ಗಾಳಿ ತಣ್ಣಗೆ, ಒಳಗೆ ಫ್ಯಾನ್ ತಿರುಗುತ್ತಿದೆ, ಮೆಟ್ಟಿಲಿನಿಂದ ಹಾಲ್, ಹಾಲಿನಿಂದ ಅಜ್ಜಿಯ ಕೋಣೆ. ಅಜ್ಜಿಯ ಕೋಣೆಯ ಕಿಟಕಿ ಬೇರೆ ಒಲೆಯ ಬಾಯಿಯಿಂದ ಎರಡು ಮಾರು ದೂರ. ಮೇಲಿಂದಲೂ ಬಂತು, ಪಕ್ಕದಿಂದಲೂ ಬಂತು.

ನಂಬಿಸಲಿಕ್ಕೆ ಕಷ್ಟ ಪಡಬೇಕಾಯಿತು. "ಹೊಗೆ ಮೇಲೆ ಹೋಗುದಲ್ವಾ, ಕೆಳಗೆ ಹೇಗೆ ಬರ್ತದೆ ಮಾರಾಯ?" ಅಂತ ಭಾವ. ನಾಲ್ಕು ಊದುಬತ್ತಿ ಒಟ್ಟಿಗೆ ಹಚ್ಚಿ ಮೆಟ್ಟಿಲ ಬಾಗಿಲಲ್ಲಿ ಹಿಡಿದೆ. ಹೊಗೆ ನೇರ ಏಳದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹಾಲಿಗೆ ಹೋಯಿತು. ಆಮೇಲೆ ಯಾರೂ ಮಾತಾಡಲಿಲ್ಲ.

ಪರಿಚಯದ ಮೇಷ್ಟ್ರೊಬ್ಬರ ಹತ್ತಿರ ಗಾಳಿಯ ಧೂಳು ಅಳೆಯುವ ಸಣ್ಣ ಯಂತ್ರ ಇತ್ತು, ಅದನ್ನೂ ತಂದು ಅಜ್ಜಿಯ ಮಂಚದ ಪಕ್ಕ ಇಟ್ಟೆವು. ಒಳಗೆ ಲೇಸರ್ ಬೆಳಕು, ಕಣಗಳಿಗೆ ತಾಗಿ ಚದುರಿದ ಬೆಳಕನ್ನು ಲೆಕ್ಕ ಹಾಕಿ ಪಿಎಂ 2.5 ಎಷ್ಟು ಅಂತ ತೋರಿಸುತ್ತದೆ. ಪಿಎಂ 2.5 ಅಂದ್ರೆ ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣ, ತಲೆಕೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಮೂಗಿನ ಕೂದಲು, ಗಂಟಲಿನ ಲೋಳೆ ಇವುಗಳನ್ನೆಲ್ಲ ದಾಟಿ ಶ್ವಾಸಕೋಶದ ತುದಿಗೆ ಹೋಗುವುದು ಇದೇ. ಕಟ್ಟಿಗೆ ಹೊಗೆಯ ಕಣಗಳಲ್ಲಿ ಜಾಸ್ತಿ ಪಾಲು ಇದಕ್ಕಿಂತಲೂ ಸಣ್ಣವು. ಇಂಥ ಅಗ್ಗದ ಯಂತ್ರವನ್ನು ಕಣ್ಣುಮುಚ್ಚಿ ನಂಬಬಾರದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಯಂತ್ರ ಇಲ್ಲದ್ದನ್ನೂ ತೋರಿಸುತ್ತದೆ. ನಮ್ಮ ಆಷಾಢದಲ್ಲಂತೂ ಬರೀ ಮಂಜಿಗೇ ಅದು ಗಾಬರಿ ಬೀಳುತ್ತದೆ. ಹಾಗಾಗಿ ನಾವು ನೋಡಿದ್ದು ಒಂದೇ ಕೋಣೆಯಲ್ಲಿ ಒಲೆ ಹಚ್ಚುವ ಮೊದಲು ಎಷ್ಟು, ಹಚ್ಚಿದ ಮೇಲೆ ಎಷ್ಟು ಅನ್ನುವುದನ್ನು ಮಾತ್ರ. ಮಧ್ಯಾಹ್ನ ಘನ ಮೀಟರಿಗೆ 25 ಮೈಕ್ರೋಗ್ರಾಂ ಆಸುಪಾಸು ಇದ್ದದ್ದು, ಸಂಜೆ ಒಲೆ ಹಚ್ಚಿ ಅರ್ಧ ಗಂಟೆಗೆ 400 ದಾಟಿತು.

ಇದನ್ನು ಹೇಗೆ ಓದುವುದು? ನಮ್ಮ ದೇಶದ 2009ರ ಮಾನದಂಡದಲ್ಲಿ 24 ಗಂಟೆಯ ಸರಾಸರಿ 60 ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ 400 ಇತ್ತು, ಉಳಿದ ಹೊತ್ತೆಲ್ಲ 25 ಅಂತ ಇಟ್ಟುಕೊಳ್ಳಿ. ಸರಾಸರಿ 87.5 ಬರುತ್ತದೆ. ದಿನದ ಇಪ್ಪತ್ತು ಗಂಟೆ ತೋಟದ ಗಾಳಿ ಕುಡಿದರೂ ಉಳಿದ ನಾಲ್ಕು ಗಂಟೆ ಎಲ್ಲವನ್ನೂ ಹಾಳು ಮಾಡಿತು. "ನಮ್ದು ಹಳ್ಳಿ, ಫ್ಯಾಕ್ಟರಿ ಇಲ್ಲ, ಗಾಡಿ ಇಲ್ಲ" ಅನ್ನುವವರಿಗೆ ಈ ಲೆಕ್ಕ ಒಮ್ಮೆ ಹಾಕಿ ತೋರಿಸಬೇಕು. ಎಂಡೋಸಲ್ಫಾನ್ ಕೀಟನಾಶಕದ ಅನಾಹುತ ಕಂಡ ನಮ್ಮ ಎಣ್ಮಕಜೆ ಪಂಚಾಯತಿನ ಜನಕ್ಕೆ ಗಾಳಿಯಲ್ಲಿ ಬರುವ ವಿಷದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಅದು ಮೇಲಿನಿಂದ ಹೆಲಿಕಾಪ್ಟರಿನಲ್ಲಿ ಬಂದದ್ದು, ಬೇರೆಯವರು ಹಾಕಿದ್ದು. ನಮ್ಮದೇ ತೋಟದ ಸಿಪ್ಪೆ, ನಮ್ಮದೇ ಹಂಡೆ, ಅದರ ಮೇಲೆ ಅನುಮಾನ ಬರುವುದು ಸುಲಭ ಅಲ್ಲ.

ನಮಗೆ ಆಶ್ಚರ್ಯ ಆದದ್ದು ರಾತ್ರಿಯ ಲೆಕ್ಕ. ಎಲ್ಲರ ಸ್ನಾನ ಮುಗಿದು ಊಟ ಆಗಿ ಮಲಗಿದ ಮೇಲೂ ಅಂಕಿ ಇಳಿಯಲಿಲ್ಲ. ನೋಡಿದರೆ, ಬೆಳಿಗ್ಗೆ ನೀರು ಬೆಚ್ಚಗಿರಲಿ, ಮತ್ತೆ ಹಚ್ಚುವ ಕಷ್ಟ ಬೇಡ ಅಂತ ಮಲಗುವ ಮೊದಲು ಒಂದು ಬುಟ್ಟಿ ಅಡಿಕೆ ಸಿಪ್ಪೆ ಸುರಿದು ಮೇಲೆ ಬೂದಿ ಮುಚ್ಚಿಡುವುದು ಈ ಮನೆಯ ಅಭ್ಯಾಸ. ನಮ್ಮ ಕಡೆ ಹಲವು ಮನೆಗಳದ್ದೂ ಅದೇ. ಉರಿ ಕಾಣುವುದಿಲ್ಲ, ಹಾಗಾಗಿ ಬೆಂಕಿ ಇಲ್ಲ ಅಂತ ನಮ್ಮ ಭಾವನೆ. ನಿಜ ಅಂದ್ರೆ ಉರಿ ಇಲ್ಲದ ಬೆಂಕಿಯೇ ಕೆಟ್ಟದ್ದು. ಕಟ್ಟಿಗೆ ಬಿಸಿಯಾದಾಗ ಅದರಿಂದ ಮೊದಲು ಅನಿಲ ಹೊರಡುತ್ತದೆ, ಉರಿ ಅಂದ್ರೆ ಆ ಅನಿಲ ಸುಡುವುದು. ಗಾಳಿ ಸಾಲದೆ, ಕಾವು ಸಾಲದೆ ಉರಿ ಹತ್ತದಿದ್ದರೆ ಆ ಅನಿಲ ಸುಡದೆ ಹಾಗೇ ಹೊರಗೆ ಬಂದು, ತಣಿದು, ಡಾಂಬರಿನಂಥ ಸಣ್ಣ ಸಣ್ಣ ಹನಿಗಳಾಗುತ್ತದೆ. ಬಿಳಿ ಹೊಗೆ ಅಂತ ನಾವು ನೋಡುವುದರಲ್ಲಿ ನೀರಾವಿಯ ಜೊತೆ ಅದೇ ಇರುವುದು. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಅನಿಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಆ ಯಂತ್ರಕ್ಕೂ ಅದು ಗೊತ್ತಾಗುವುದಿಲ್ಲ.

ಒದ್ದೆ ಸಿಪ್ಪೆಯ ಕತೆಯೂ ಇದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಯಾವುದು ಒಣಗಿರ್ತದೆ ಹೇಳಿ. ಅರ್ಧ ತೂಕ ನೀರೇ ಇರುವ ಒಂದು ಕಿಲೋ ಕಟ್ಟಿಗೆ ಹಾಕಿದರೆ, ಆ ಅರ್ಧ ಕಿಲೋ ನೀರನ್ನು ಆವಿ ಮಾಡಲು ಕಟ್ಟಿಗೆಯ ಶಾಖದಲ್ಲಿ ಸುಮಾರು ಏಳನೇ ಒಂದು ಪಾಲು ಹೋಗುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಇನ್ನೆರಡು ಮಡಲು ಜಾಸ್ತಿ ಹಾಕಿದರಾಯಿತು. ತೊಂದರೆ ಏನೆಂದರೆ ಆ ಆವಿ ಬೆಂಕಿಯ ಕಾವನ್ನೇ ಇಳಿಸುತ್ತದೆ, ಕಾವಿಳಿದರೆ ಅನಿಲ ಸುಡುವುದಿಲ್ಲ. ಆಗ ಸೊಸೆ ಏನು ಮಾಡಬೇಕು? ಬಗ್ಗಿ ಊದುಗೊಳವೆಯಲ್ಲಿ ಊದಬೇಕು, ಊದಿ ಹತ್ತದಿದ್ದರೆ ಹಾಲಿನ ಪ್ಯಾಕೆಟ್ ಹಾಕಬೇಕು. ಹಾಕುತ್ತಿದ್ದರು. ಒಲೆಯ ಪಕ್ಕ ಒಂದು ಸಕ್ಕರೆ ಗೋಣಿಯಲ್ಲಿ ಅದಕ್ಕೆಂದೇ ಪ್ಲಾಸ್ಟಿಕ್ ಕೂಡಿಟ್ಟಿದ್ದರು, ಅದರಲ್ಲಿ ಹಾಲಿನ ಪ್ಯಾಕೆಟ್, ಬಿಸ್ಕೆಟ್ ಕವರು, ಒಂದು ತುಂಡು ಹಳೆ ಪಿವಿಸಿ ಪೈಪು. ಪಿವಿಸಿಯಲ್ಲಿ ಕ್ಲೋರಿನ್ ಉಂಟು, ಇಂಥ ಮಂಕು ಬೆಂಕಿಯಲ್ಲಿ ಅದು ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಆಗುತ್ತದೆ. ಆಗ ತಿಂಗಳಿಗೆ 50 ರೂಪಾಯಿ ಕೊಟ್ಟರೆ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಮನೆ ಬಾಗಿಲಿಗೆ ಬಂದು ಪ್ಲಾಸ್ಟಿಕ್ ತೆಗೆದುಕೊಂಡು ಹೋಗುತ್ತಿದ್ದರು, ಈ ಮನೆಯವರು ಆ 50 ರೂಪಾಯಿ ಕೊಡುತ್ತಲೂ ಇದ್ದರು! ದುಡ್ಡು ಕೊಟ್ಟು, ಪ್ಲಾಸ್ಟಿಕ್ಕನ್ನು ಒಲೆಗೆ ಹಾಕುವುದು. ಆ ಗೋಣಿಯನ್ನು ಅವತ್ತೇ ಅಲ್ಲಿಂದ ತೆಗೆಸಿದೆ.

ಪರಿಹಾರದ ಮಾತು ಬಂದಾಗ ಮನೆಯಲ್ಲಿ ನಾಲ್ಕು ಜನ, ಐದು ಅಭಿಪ್ರಾಯ. ಮಗ ಬೆಂಗಳೂರಿನಿಂದ ಫೋನಿನಲ್ಲಿ "ಹಂಡೆ ತೆಗೆದು ಬಿಸಾಡಿ, ಸೋಲಾರ್ ಹಾಕಿ" ಅಂದ. ಬೇಸಿಗೆಯಲ್ಲಿ ಸೋಲಾರ್ ನೀರು ಸುಡ್ತದೆ, ಆದರೆ ಬೇಸಿಗೆಯಲ್ಲಿ ಬಿಸಿನೀರು ಯಾರಿಗೆ ಬೇಕು? ಆಷಾಢದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದಾಗಲೇ ಬೇಕಾಗುವುದು. ಗ್ಯಾಸ್ ಗೀಸರ್ ಬೇಡ ಅಂತ ನಾನೇ ಹೇಳಿದೆ. ಸಣ್ಣ ಬಚ್ಚಲಲ್ಲಿ, ಹೊರಗೆ ಕೊಳವೆ ಇಲ್ಲದೆ, ಬಾಗಿಲು ಕಿಟಕಿ ಮುಚ್ಚಿ ಗ್ಯಾಸ್ ಗೀಸರ್ ಉರಿಸಿ, ಅದೇ ಕಾರ್ಬನ್ ಮೊನಾಕ್ಸೈಡಿನಿಂದ ಸತ್ತವರ ಸುದ್ದಿ ಪ್ರತಿ ಚಳಿಗಾಲ ಪೇಪರಿನಲ್ಲಿ ಬರುತ್ತದೆ. ಇನ್ನು ಕರೆಂಟ್. 50 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು ಬೇಕಾದದ್ದು 1.16 ಯೂನಿಟ್. ಬೆಲೆ ಭಯ ಪಡುವಷ್ಟಿಲ್ಲ. ಆದರೆ ಆರೇಳು ಜನರ ಸ್ನಾನ, ಸಂಜೆ ವೋಲ್ಟೇಜ್ ಇಲ್ಲ, ಗಾಳಿಮಳೆಗೆ ಕಂಬ ಬಿದ್ದರೆ ಎರಡು ದಿನ ಕರೆಂಟೇ ಇಲ್ಲ. ಇದೇ 50 ಲೀಟರಿಗೆ ಒಣಕಟ್ಟಿಗೆಯಲ್ಲಿ ಇರುವ ಶಾಖ ಪೂರ್ತಿ ಸಿಕ್ಕಿದರೆ ಕಾಲು ಕಿಲೋ ಚಿಲ್ಲರೆ ಸಾಕು. ಹಂಡೆಯ ಅಡಿಗೆ ಸುಮ್ನೆ ಉರಿಸುವಾಗ ಹತ್ತರಲ್ಲಿ ಒಂದೋ ಒಂದೂವರೆಯೋ ಪಾಲು ಮಾತ್ರ ನೀರಿಗೆ ಹೋಗುತ್ತದೆ ಅಂತ ಇಟ್ಟುಕೊಂಡರೆ ಎರಡು ಕಿಲೋ ಬೇಕು. ಉಳಿದ ಶಾಖ ಬಾಯಿಯಿಂದ, ಪೈಪಿನಿಂದ ಹೋಯಿತು.

ಭಾವನ ಮಾತು ಸ್ಪಷ್ಟ ಇತ್ತು: "ತೋಟದಲ್ಲಿ ಸಿಪ್ಪೆ ಕೊಳೆಯುವಾಗ ಕರೆಂಟ್ ಬಿಲ್ ಕಟ್ಟಲಿಕ್ಕೆ ನನಗೆಂತ ಹುಚ್ಚಾ?" ಅವರ ಜೊತೆ ವಾದ ಮಾಡಿ ಗೆಲ್ಲಬಹುದಿತ್ತೋ ಏನೋ, ಆದರೆ ಗೆದ್ದು ಹೋದ ಮೇಲೆ ಅವರು ಮತ್ತೆ ಹಂಡೆಯೇ ಉರಿಸುತ್ತಿದ್ದರು. ಹಾಗಾಗಿ ಹಂಡೆ ಉಳಿಸಿಕೊಂಡೇ ಏನು ಮಾಡಬಹುದು ಅಂತ ನೋಡಿದೆವು.

ಮೊದಲು ಚಿಮಣಿ. ಬೆಂಡಿನ ಸಿಮೆಂಟ್ ಪೈಪ್ ಒಡೆದು ತೆಗೆದೆವು. ಒಳಗೆ ನೋಡಿದರೆ ನಾಲ್ಕಿಂಚಿನ ಪೈಪಿನಲ್ಲಿ ಎರಡು ಬೆರಳು ಹೋಗುವಷ್ಟು ದಾರಿ ಉಳಿದಿತ್ತು, ಉಳಿದದ್ದೆಲ್ಲ ಕಪ್ಪು ಅಂಟು. ಅದು ಹಾಗೇ ಇದ್ದಿದ್ದರೆ ಒಂದು ದಿನ ಚಿಮಣಿಗೇ ಬೆಂಕಿ ಹಿಡಿಯುತ್ತಿತ್ತು. ಬಚ್ಚಲಿನ ಹೊರಗೋಡೆಗೆ ತಾಗಿಸಿ ಇಟ್ಟಿಗೆಯ ನೇರ ಚಿಮಣಿ ಏರಿಸಿದೆವು, ಒಳಗಿನ ದಾರಿ ಆರಿಂಚು, ಎಲ್ಲೂ ಬೆಂಡಿಲ್ಲ. ಶೀಟ್ ದಾಟಿ, ಮಾಡಿನ ನೆತ್ತಿಗಿಂತ ಎರಡಡಿ ಮೇಲೆ ಬಾಯಿ, ಅದರ ಮೇಲೆ ತಗಡಿನ ಟೋಪಿ. ಶೀಟ್ ತೂತು ಮಾಡಿದಲ್ಲಿ ಜಿಂಕ್ ತಗಡಿನ ಕಾಲರ್ ಕೂರಿಸಿ ಸೀಲ್ ಮಾಡಿದೆವು, ಸೋರಲಿಲ್ಲ. ಸೋರ್ತದೆ ಅನ್ನುವ ಹೆದರಿಕೆಗೆ ಎಷ್ಟು ಮನೆಗಳಲ್ಲಿ ಹೊಗೆಯನ್ನು ಶೀಟಿನಡಿ ಕೂಡಿಹಾಕಿದ್ದಾರೋ. ಇಟ್ಟಿಗೆ ಯಾಕೆಂದರೆ ಅದು ಕಾವು ಹಿಡಿದುಕೊಳ್ಳುತ್ತದೆ, ಹೊಗೆ ಬಿಸಿ ಇದ್ದಷ್ಟು ಹೊತ್ತು ಮೇಲಕ್ಕೆ ಎಳೆಯುತ್ತದೆ.

ಆಮೇಲೆ ಒಲೆ. ನೆಲದ ಮೇಲೆ ಸಿಪ್ಪೆ ರಾಶಿ ಹಾಕಿ ಉರಿಸುತ್ತಿದ್ದಲ್ಲಿ ಕಬ್ಬಿಣದ ಸರಳಿನ ಜಾಲರಿ ಇಟ್ಟು, ಅದರಡಿಗೆ ಬೂದಿ ಬೀಳಲಿಕ್ಕೆ, ಗಾಳಿ ಬರಲಿಕ್ಕೆ ಗುಂಡಿ ಬಿಟ್ಟೆವು. ಬಾಯಿ ಸಣ್ಣದು ಮಾಡಿ ತಗಡಿನ ಬಾಗಿಲು. ಇದರಲ್ಲಿ ನನ್ನ ಕಂಡುಹಿಡಿತ ಏನೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆ ಅಂತ ಶುರು ಮಾಡಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆ, ಈಚೆ ಬದಿಯಲ್ಲಿ ಕೇರಳದ ಶಾಸ್ತ್ರ ಸಾಹಿತ್ಯ ಪರಿಷತ್ತಿನವರ ಪರಿಷತ್ ಅಡುಪ್ಪು, ಎಲ್ಲದರ ಗುಟ್ಟು ಇದೇ: ಜಾಲರಿ, ಮುಚ್ಚಿದ ಒಲೆ, ಚಿಮಣಿ. ನಲವತ್ತು ವರ್ಷದಿಂದ ಎರಡೂ ರಾಜ್ಯದವರಿಗೆ ಗೊತ್ತಿರುವ ವಿಷಯ ಗಡಿಯಲ್ಲಿರುವ ನಮ್ಮ ಬಚ್ಚಲಿಗೆ ಮಾತ್ರ ಬರಲಿಲ್ಲ.

ಒಣಗಿಸುವುದಕ್ಕೆ ಜಾಗ ಮಾಡಿದ್ದು ಸೊಸೆಯ ಉಪಾಯ. ತಾರಸಿಯ ಶೀಟಿನಡಿಯಲ್ಲಿ ಅಡಿಕೆ ಮುಗಿದ ಮೇಲೆ ಏಪ್ರಿಲ್, ಮೇ ಬಿಸಿಲಿಗೆ ಕೊತ್ತಳಿಗೆ, ಗೆರಟೆ, ಕಟ್ಟಿಗೆ ಮಾತ್ರ ಒಣಗಿಸಿ ಅಟ್ಟಿ ಇಡುವುದು, ಅದಷ್ಟೇ ಮಳೆಗಾಲಕ್ಕೆ. ಅಡಿಕೆ ಸಿಪ್ಪೆ ಒಲೆಗೆ ಬೇಡವೇ ಬೇಡ, ತೋಟಕ್ಕೆ ಹೋಗಲಿ, ಬುಡಕ್ಕೆ ಮುಚ್ಚಿಗೆ ಆಗ್ತದೆ. ತೆಂಗಿನ ಮಡಲಿಗೆ ಎರೆಹುಳು ಬಿಟ್ಟು ಗೊಬ್ಬರ ಮಾಡುವುದನ್ನು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐನವರು ಎಷ್ಟೋ ವರ್ಷದಿಂದ ಹೇಳಿಕೊಡುತ್ತಿದ್ದಾರೆ. ಭಾವ ಅದಕ್ಕೆ ಇನ್ನೂ ಮನಸ್ಸು ಮಾಡಿಲ್ಲ.

ಅಜ್ಜಿಗೆ, ಮಗುವಿಗೆ ಅಂತ 15 ಲೀಟರಿನ ಒಂದು ಕರೆಂಟ್ ಗೀಸರ್ ಹಾಕಿಸಿದೆವು. 15 ಲೀಟರ್ ಯಾರಿಗೆ ಸಾಕು ಅಂತ ಭಾವ ನಕ್ಕರು. 60 ಡಿಗ್ರಿಗೆ ಕಾದ 15 ಲೀಟರಿಗೆ ತಣ್ಣೀರು ಬೆರೆಸಿದರೆ 42 ಡಿಗ್ರಿಯ ನೀರು 30 ಲೀಟರಿಗೂ ಮೇಲೆ ಆಗುತ್ತದೆ, ಖರ್ಚು 0.6 ಯೂನಿಟ್. ಒಂದು ಮುದುಕಿಗೆ, ಒಂದು ಶಿಶುವಿಗೆ ಧಾರಾಳ. ರಾತ್ರಿ ಕೆಂಡ ಮುಚ್ಚಿಡುವ ಅಭ್ಯಾಸ ಬಿಡಿಸಿದ್ದು ನನ್ನ ಮಾತಲ್ಲ, ಈ ಗೀಸರೇ. ಬೆಳಗಿನ ಜಾವದ ಬಿಸಿನೀರು ಅಜ್ಜಿಗೆ ಬೇಕಾಗಿದ್ದದ್ದು, ಅದು ಸ್ವಿಚ್ಚಿನಲ್ಲಿ ಬಂತು.

ಅಗ್ಗಿಷ್ಟಿಕೆ ವಿಷಯದಲ್ಲಿ ದೊಡ್ಡ ಜಗಳವೇ ಆಯಿತು. "ನಾವೆಲ್ಲ ಹಾಗೇ ಬೆಳೆದದ್ದಲ್ವಾ, ಕೆಂಡದಲ್ಲಿ ಹೊಗೆ ಎಲ್ಲಿ ಉಂಟು?" ಅಂತ ಅಜ್ಜಿ. ಹೌದು, ಕೆಂಡದಲ್ಲಿ ಹೊಗೆ ಕಾಣುವುದಿಲ್ಲ, ಆದರೆ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬರುವುದೇ ಕೆಂಡದಿಂದ. ಹಿಂದೆ ಹಂಚಿನ ಮನೆ, ಈಗ ಸ್ಲ್ಯಾಬ್, ಗಾಜಿನ ಕಿಟಕಿ. ಮಗುವಿಗೆ ಗಾಳಿ ತಾಗಬಾರದು ಅಂತ ಅದನ್ನೂ ಮುಚ್ಚಿ ಪರದೆ ಎಳೆಯುತ್ತಾರೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು, ಅದರಲ್ಲಿ 2,37,000ಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಅಂಕಿ ಕೇಳಿ ಅಜ್ಜಿ ಕರಗಲಿಲ್ಲ. ಕೊನೆಗೆ ಮೊಮ್ಮಗಳೇ "ನನಗೆ ತಲೆನೋವು ಬರ್ತದೆ ಅಜ್ಜಿ, ಕೆಂಡ ಬೇಡ" ಅಂದಳು, ಮುಗಿಯಿತು. ಸಾಂಬ್ರಾಣಿ ಹೊರಗಿನ ಹಾಲ್ ಒಳಗೆ, ಬಾಗಿಲು ತೆರೆದು, ಒಂದು ಸುತ್ತು ಮಾತ್ರ ಅಂತ ರಾಜಿ.

ಕೆಲಸ ಮುಗಿದ ಮೇಲೆ ಅದೇ ಯಂತ್ರ, ಅದೇ ಮಂಚದ ಪಕ್ಕ. ಒಲೆ ಉರಿಯುವಾಗ 50ರಿಂದ 60. ಹೊಸದಾಗಿ ಹಚ್ಚುವ ಮೊದಲ ಹತ್ತು ನಿಮಿಷ ಚಿಮಣಿ ತಣ್ಣಗಿದ್ದು ಸರಿಯಾಗಿ ಎಳೆಯುವುದಿಲ್ಲ, ಆಗ ಒಮ್ಮೆ ಏರುತ್ತದೆ. ಅಷ್ಟು ಹೊತ್ತು ಅಜ್ಜಿಯ ಕಿಟಕಿ ಮುಚ್ಚುತ್ತಾರೆ. ರಾತ್ರಿ ಪೂರಾ ಇಳಿಯುತ್ತದೆ. ಅಜ್ಜಿಯ ಬೆಳಗಿನ ಜಾವದ ಕೆಮ್ಮು ಅರ್ಧಕ್ಕರ್ಧ ಕಡಿಮೆ ಅಂತ ಮನೆಯವರು ಹೇಳುತ್ತಾರೆ. ಡಾಕ್ಟ್ರು ಮಾತ್ರ ನೇರ ಹೇಳಿದರು, ಹೋದ ಶ್ವಾಸಕೋಶ ವಾಪಸು ಬರುವುದಿಲ್ಲ, ಇನ್ನು ಹೋಗುವುದು ನಿಧಾನ ಆಗ್ತದೆ, ಇನ್ಹೇಲರ್ ಬಿಡಬೇಡಿ. ಚಿಮಣಿ ಇಟ್ಟರೆ ಎಲ್ಲ ಸರಿಹೋಗ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗ್ವಾಟೆಮಾಲದಲ್ಲಿ ಚಿಮಣಿ ಒಲೆ ಕೊಟ್ಟು ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಮಾಡಿದ ದೊಡ್ಡ ಪರೀಕ್ಷೆಯ ಫಲಿತಾಂಶ 2011ರಲ್ಲಿ ಬಂತು. ಮಕ್ಕಳ ಮೈಗೆ ತಾಗುವ ಹೊಗೆ ಅರ್ಧ ಇಳಿದಿತ್ತು, ತೀವ್ರ ನ್ಯುಮೋನಿಯಾ ಕಡಿಮೆಯಾಗಿತ್ತು, ಆದರೆ ಒಟ್ಟು ನ್ಯುಮೋನಿಯಾ ಗಟ್ಟಿಯಾಗಿ ಹೇಳುವಷ್ಟು ಇಳಿಯಲಿಲ್ಲ. ಹೊಗೆ ಅರ್ಧ ಆದರೆ ಕಾಯಿಲೆ ಅರ್ಧ ಆಗುವುದಿಲ್ಲ.

ಚಿಮಣಿ ಹೊಗೆಯನ್ನು ಇಲ್ಲವಾಗಿಸುವುದೂ ಇಲ್ಲ, ಬೇರೆ ಕಡೆ ಕಳಿಸುತ್ತದೆ. ಅದು ನಮಗೆ ಡಿಸೆಂಬರಿನಲ್ಲಿ ಗೊತ್ತಾಯಿತು. ಈ ಮನೆ ಗುಡ್ಡದ ಇಳಿಜಾರಿನಲ್ಲಿದೆ, ಕೆಳಗೆ ತೋಟ, ಮೇಲೆ ಇನ್ನೊಂದು ಮನೆ. ಹೊಸ ಚಿಮಣಿಯ ಬಾಯಿ ಸರಿಯಾಗಿ ಮೇಲಿನ ಮನೆಯ ಜಗಲಿಯ ಎತ್ತರಕ್ಕೆ ಬಂದಿದೆ! ಚಳಿಗಾಲದ ರಾತ್ರಿ ತಣ್ಣನೆ ಗಾಳಿ ಭಾರವಾಗಿ ಕಣಿವೆಯಲ್ಲಿ ಕೂರುತ್ತದೆ, ಅದರ ಮೇಲೆ ಬೆಚ್ಚನೆ ಗಾಳಿಯ ಮುಚ್ಚಳ. ಬಿಸಿಲೇರುವ ತನಕ ಹೊಗೆ ಅಡಿಕೆ ಮರದ ತಲೆಯ ಎತ್ತರದಲ್ಲಿ ಚಾಪೆ ಹಾಸಿದ ಹಾಗೆ ನಿಂತಿರುತ್ತದೆ, ಬೆಳಿಗ್ಗೆ ಬದಿಯಡ್ಕ ಕಡೆಗೆ ಬಸ್ಸಿನಲ್ಲಿ ಹೋಗುವವರು ನೋಡಿಯೇ ಇರ್ತಾರೆ. ಚಂದ ಕಾಣ್ತದೆ, ಫೋಟೊ ತೆಗೀತಾರೆ, ಮಂಜು ಅಂತ ಹಾಕ್ತಾರೆ. ಅರ್ಧ ಮಂಜು, ಅರ್ಧ ನಮ್ಮ ಬಚ್ಚಲು. 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಇದೇ ಮುಚ್ಚಳ ಐದು ದಿನ ಕೂತಿತು, ಮನೆಮನೆಯ ಕಲ್ಲಿದ್ದಲ ಒಲೆಯ ಹೊಗೆ ಅಡಿಯಲ್ಲಿ. ಆಗಿನ ಲೆಕ್ಕದಲ್ಲೇ 4,000 ಜನ ಸತ್ತರು, ಆಮೇಲಿನ ಅಂದಾಜು 12,000ದ ತನಕ ಹೋಗುತ್ತದೆ, 1956ರಲ್ಲಿ ಕಾನೂನು ಬಂತು. ನಮ್ಮಲ್ಲಿ ಮನೆಗಳು ದೂರ ದೂರ, ಅಷ್ಟಕ್ಕೆ ಹೋಗಲಿಕ್ಕಿಲ್ಲ. ಆದರೆ ಆಸ್ಟ್ರೇಲಿಯಾದ ಲಾನ್ಸೆಸ್ಟನ್ ದೊಡ್ಡ ಊರಲ್ಲ, ಕಣಿವೆಯ ಊರು. ಅಲ್ಲಿ ಚಳಿಗೆ ಕಟ್ಟಿಗೆ ಉರಿಸುವ ಮನೆಗಳು ನೂರಕ್ಕೆ 66ರಿಂದ 30ಕ್ಕೆ ಇಳಿದ ಮೇಲೆ ಚಳಿಗಾಲದ ಪಿಎಂ 10, ಅಂದ್ರೆ ಹತ್ತು ಮೈಕ್ರಾನ್ ತನಕದ ಕಣ, ಸರಾಸರಿ 44ರಿಂದ 27ಕ್ಕೆ ಇಳಿಯಿತು. ಒಂದು ಮನೆ ಚಿಮಣಿ ಏರಿಸುವುದಕ್ಕೂ ಊರೇ ಕಡಿಮೆ ಉರಿಸುವುದಕ್ಕೂ ವ್ಯತ್ಯಾಸ ಉಂಟು.

ಮೇಲಿನ ಮನೆಯವರು ದೂರು ತಂದದ್ದು ಭಾವನ ಹತ್ತಿರ, ಭಾವ ಅದನ್ನು ದಾಟಿಸಿದ್ದು ನನಗೆ. ಚಿಮಣಿ ಇನ್ನೂ ಆರಡಿ ಏರಿಸಬಹುದಿತ್ತು, ಆದರೆ ಗಾಳಿಮಳೆಗೆ ನಿಲ್ಲಬೇಕಲ್ಲ. ಕೊನೆಗೆ ಚಳಿಗಾಲದಲ್ಲಿ ಬೆಳಗಿನ ಸ್ನಾನ ಎಲ್ಲರದ್ದೂ ಗೀಸರಿನಲ್ಲಿ, ಹಂಡೆ ಸಂಜೆ ಮಾತ್ರ, ಅದೂ ಒಣಕಟ್ಟಿಗೆಯಲ್ಲಿ ಅಂತ ಒಪ್ಪಂದ ಆಯಿತು. ಬಿಲ್ಲು ನೋಡಿ ಭಾವ ಏನೂ ಹೇಳಲಿಲ್ಲ, ಅದೇ ದೊಡ್ಡದು.

ಒಪ್ಪಂದದ ಮಾತು ಮುಗಿಸಿ ಚಾ ಕುಡಿಯುವಾಗ ಮೇಲಿನ ಮನೆಯವರು ಅವರ ಮೆಟ್ಟಿಲ ಕೋಣೆಯ ಗೋಡೆ ಯಾಕೋ ಕಪ್ಪಾಗ್ತದೆ ಅಂದರು. ಹೋಗಿ ನೋಡಿದೆ. ಅವರ ಹಂಡೆಯ ಪೈಪೂ ಶೀಟಿನಡಿಯಲ್ಲೇ ಮುಗಿದಿದೆ. ಅಡಿಕೆ ಕೊಯ್ಲು ಮುಗಿದು ತಾರಸಿ ಖಾಲಿಯಾದ ಕೂಡಲೇ ಅಲ್ಲಿ ಕೆಲಸ ಶುರು ಮಾಡುವುದು ಅಂತ ಆಗಿದೆ.